ಬಂಡೆಯ ಮೇಲೊಂದು ಗಾಜಿನ ಮನೆ

೧೪ ಮೇ ೧೯೩೯, ಭಾನುವಾರ. ಭದ್ರಾವತಿ

ರಜೆಯ ದಿನವಲ್ಲವೇ ಎಂದು ಹಾಸಿಗೆಯಲ್ಲೇ ಹೊರಳಾಡುತ್ತಿದ್ದೆ. ಇದ್ದಿಲು ಕಂಟ್ರಾಕ್ಟರು ಚೌಡಪ್ಪನವರು ಬಂದು ಬಾಗಿಲು ಬಡಿದರು. ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಗಾಡಿಗಟ್ಟಲೆ ಇದ್ದಿಲು ಹಾಕಿಸಿ ದುಂಡಗಾದ ಮನುಷ್ಯ. ಹೋದ ತಿಂಗಳು ಬೆಂಗಳೂರಿಗೆ ಹೋಗಿ ಲಾಲ್‌ಬಾಗಿನ ಗಾಜಿನ ಮನೆ ನೋಡಿಕೊಂಡು ಬಂದಿದ್ದಾರೆ. ಅಂದಿನಿಂದ ಅವರಿಗೆ ನಿದ್ದೆಯಿಲ್ಲವಂತೆ. ಈಗ ನನಗೂ ಇಲ್ಲದ ಹಾಗೆ ಮಾಡಿದರು.

"ಮೂರ್ತಪ್ಪ, ಅಂಥದ್ದೊಂದು ನಮ್ ಕಡೇನೂ ಆಗ್ಬೇಕು ಮಾರಾಯ. ಒಳಗೆ ಗಿಡ, ಬಳ್ಳಿ, ಕಾರಂಜಿ. ಮಧ್ಯೆ ಮೇಜು ಕುರ್ಚಿ. ಜನ ಕೂತ್ಕೊಂಡು ಕಾಫಿ ಕುಡೀಬೇಕು, ದೋಸೆ ತಿನ್ಬೇಕು. ಶಿವಮೊಗ್ಗಕ್ಕೆ ಹೋಗೋ ಒಂದು ಮೋಟಾರೂ ನಿಲ್ಲದೆ ಮುಂದಕ್ಕೆ ಹೋಗ್ಬಾರ್ದು."

"ಜಾಗ ಎಲ್ಲಿ?"

"ಬೋಳುಬಂಡೆ."

ನಕ್ಕುಬಿಟ್ಟೆ. ಶಿವಮೊಗ್ಗದ ದಾರಿಯಲ್ಲಿ ಎಡಗಡೆಗೆ ಕಾಣುವ ಆ ಕಲ್ಲುಗುಡ್ಡದ ಮೇಲೆ ಮೇಕೆ ಕೂಡ ಹತ್ತುವುದಿಲ್ಲ. ಹತ್ತಿದರೆ ತಿನ್ನುವುದಕ್ಕೇನಿದೆ? ಇದ್ದಿಲಿಗೆಂದು ಕಾಡು ಕಡಿಸಿದವರಿಗೆ ಈಗ ಕಲ್ಲಿನ ಮೇಲೆ ಕಾಡು ಬೆಳೆಸುವ ಹುಚ್ಚು! ಆದರೂ ನಕ್ಷೆ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡೆ. ಕಾರ್ಖಾನೆಯ ನಕ್ಷೆ ಕಚೇರಿಯಲ್ಲಿ ಕೂತು ಬೋಲ್ಟು, ಪೈಪು, ಚಿಮಣಿ ಬರೆದು ಬರೆದು ಸಾಕಾಗಿದೆ.

ಒಪ್ಪಿಕೊಂಡ ನಿಜವಾದ ಕಾರಣ ಬೇರೆ. ಹೆಂಡತಿ ಭವಾನಿ ಇಲ್ಲಿದ್ದಾಗ ಹಿತ್ತಲಿನಲ್ಲಿ ಸೀಮೆಎಣ್ಣೆ ಡಬ್ಬಗಳಲ್ಲಿ ದೊಡ್ಡಪತ್ರೆ, ಮಲ್ಲಿಗೆ ಬೆಳೆಸಿದ್ದಳು. ಕಾರ್ಖಾನೆಯ ಮಸಿ ಕೂತು ಎಲೆಗಳೆಲ್ಲ ಕಪ್ಪಾಗುತ್ತಿದ್ದವು. ದಿನಾ ಬೆಳಿಗ್ಗೆ ಒಂದೊಂದೇ ಎಲೆ ಹಿಡಿದು ತೊಳೆಯುತ್ತಿದ್ದಳು. "ಎಲೆಗೂ ಎಣ್ಣೆಸ್ನಾನ ಮಾಡಿಸ್ತೀಯೇನೇ?" ಎಂದು ಛೇಡಿಸುತ್ತಿದ್ದೆ. "ತೊಳೀದೇ ಇದ್ರೂ ಹಸಿರಾಗಿರೋ ಎಲೆ ನೋಡ್ಬೇಕು ಅನ್ಸುತ್ತೆ" ಎಂದಿದ್ದಳು ಒಮ್ಮೆ. ಗಾಜಿನ ಮನೆ ಎದ್ದು ನಿಂತ ದಿನ ಅವಳನ್ನು ನೇರವಾಗಿ ಅಲ್ಲಿಗೇ ಕರೆದುಕೊಂಡು ಹೋಗಬೇಕು.

ಅವಳೀಗ ಶಿವಮೊಗ್ಗದ ಹೊಸಮನೆ ಕೇರಿಯ ತವರಿನಲ್ಲಿದ್ದಾಳೆ. ರೈಲಿನಲ್ಲಿ ಒಂದು ಗಂಟೆಯೂ ಹಿಡಿಯದ ದಾರಿ. ಹೆರಿಗೆಗೆಂದು ಹೋದವಳು. ಮಗು ಹೆಸರಿಡುವ ಮೊದಲೇ ಹೋಯಿತು. ಆ ವಿಷಯ ಇಲ್ಲಿ ಬರೆಯುವುದಿಲ್ಲ.

೨೧ ಮೇ, ಭಾನುವಾರ

ಚೌಡಪ್ಪನವರ ಜೊತೆ ಬೋಳುಬಂಡೆಗೆ ಹೋಗಿ ಅಳತೆ ತೆಗೆದುಕೊಂಡು ಬಂದೆ. ನಡು ಮಧ್ಯಾಹ್ನ. ಚಪ್ಪಲಿಯ ಒಳಗಿನಿಂದಲೂ ಕಾಲು ಸುಟ್ಟಿತು. ಟೇಪಿನ ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ಎಲ್ಲಿ ಹಿಡಿದರೂ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಬಂಡೆಯ ಬೆನ್ನು ಅಷ್ಟು ಅಂಕುಡೊಂಕು, ಅಲ್ಲಲ್ಲಿ ಗುಳಿ ಬೇರೆ.

"ಮದ್ದಿಟ್ಟು ಸಿಡಿಸಿ ಸಮ ಮಾಡ್ಸಿದ್ರಾಯ್ತು ಬಿಡು" ಎಂದರು.

ನಾನೂ ಹೌದೆಂದೆ. ಸಮ ಇಲ್ಲದ ಜಾಗದ ಮೇಲೆ ಗೆರೆ ಎಳೆಯುವುದೆಂದರೆ ನನಗೆ ಮೈಯೆಲ್ಲ ಕಡಿತ.

ಬಂಡೆಯ ತುದಿಯಲ್ಲಿ ನಿಂತರೆ ಒಂದು ದಿಕ್ಕಿಗೆ ನಮ್ಮ ಕಾರ್ಖಾನೆಯ ಹೊಗೆ ಕಾಣುತ್ತದೆ. ಇನ್ನೊಂದು ದಿಕ್ಕಿಗೆ ಶಿವಮೊಗ್ಗ ಇರಬೇಕು. ಬಿಸಿಲ ಝಳದಲ್ಲಿ ಏನೂ ಕಾಣಲಿಲ್ಲ. ಆದರೂ ಆ ಕಡೆಗೇ ಬಹಳ ಹೊತ್ತು ನೋಡಿದೆ. "ಏನ್ ಮೂರ್ತಪ್ಪ, ಆ ಕಡೆ ಏನಾದ್ರೂ ಬಿಟ್ಬಂದಿದೀಯಾ?" ಎಂದು ಚೌಡಪ್ಪನವರು ಕಣ್ಣು ಮಿಟುಕಿಸಿದರು. ನಾನು ಟೇಪು ಸುತ್ತಿದೆ.

೨ ಜೂನ್, ಶುಕ್ರವಾರ

ನಕ್ಷೆ ಮುಗಿಯಿತು. ನಡುವೆ ಗುಮ್ಮಟ, ಎರಡು ಕಡೆ ರೆಕ್ಕೆ, ಮೂವತ್ತು ಮೇಜು, ಕಾರಂಜಿ, ಗಾಡಿಯಲ್ಲಿ ತಂದು ಸುರಿಯುವ ಕೆಮ್ಮಣ್ಣು, ಅದರಲ್ಲಿ ತಾಳೆ, ಕ್ರೋಟನ್ನು. ಚೌಡಪ್ಪನವರು ನೋಡಿ ಕುಣಿಯುವುದೊಂದು ಬಾಕಿ. ನನಗೂ ಚೆನ್ನಾಗಿಯೇ ಕಂಡಿತು. ಕಚೇರಿಯ ದೊಡ್ಡ ಎಂಜಿನಿಯರು ಮಾತ್ರ ಇಣುಕಿ ನೋಡಿ, "ಬೇಸಿಗೆಯಲ್ಲಿ ದೋಸೆ ಬೇಯಿಸೋಕೆ ಒಲೆ ಬೇಕಾಗಲ್ಲ ಇದರಲ್ಲಿ, ಗಿರಾಕಿನೂ ಬೆಂದು ಹೋಗ್ತಾನೆ" ಎಂದು ನಕ್ಕುಕೊಂಡು ಹೋದರು. ಹೊಟ್ಟೆಕಿಚ್ಚು.

ರಾತ್ರಿ ಊಟಕ್ಕೆ ಬಡಿಸುತ್ತಿದ್ದಾಗ ಹುಚ್ಚಮ್ಮಕ್ಕನ ಮುಂದೆ ಭವಾನಿಯನ್ನು ಕರೆತರುವ ಮಾತು ಎತ್ತಿದೆ. ನನ್ನ ಸ್ವಂತ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಬಂದವಳು, ಅವ್ವ ಹೋದ ಮೇಲೆ ನನ್ನ ಮನೆಯನ್ನೆಲ್ಲ ಹೊತ್ತವಳು. ಅವಳ ಮಾತು ಪಂಚಾಂಗದಲ್ಲಿ ಶುರುವಾಗಿ ಪಂಚಾಂಗದಲ್ಲೇ ಮುಗಿಯುತ್ತದೆ.

"ಈಗ ಜ್ಯೇಷ್ಠ ಮಾಸ ಕಣೋ. ಭವಾನಿ ಅವರಪ್ಪನಿಗೆ ಮೊದಲ್ನೇ ಮಗಳು. ಜ್ಯೇಷ್ಠದಲ್ಲಿ ಹಿರೀ ಮಗಳನ್ನ ಕಳಿಸ್ತಾರಾ ಯಾರಾದ್ರೂ?"

"ಹಾಗಾದ್ರೆ ಯಾವಾಗ?"

"ನಾನು ಕರಿಯೋಕೆ ಹೋಗೋ ಹಾಗಿಲ್ಲ. ಅರಿಶಿನ ಕುಂಕುಮ ತಗೊಂಡು ಮುತ್ತೈದೆ ಹೋಗ್ಬೇಕು. ಅದೂ ಬಾಣಂತಿ ಅಂದ್ರೆ ಮಗೂನ ಎತ್ಕೊಂಡು ಹೊಸಿಲು ದಾಟೋಳು. ಬರೀ ಮಡ್ಲಲ್ಲಿ ಹ್ಯಾಗೆ ಕರಿಯೋದು, ಅದಕ್ಕೇನ್ ಶಾಸ್ತ್ರ ಅಂತ ನಂಗೂ ಗೊತ್ತಿಲ್ಲ. ಕೇಳಿ ನೋಡ್ತೀನಿ ತಾಳು."

ಮಗು ಎತ್ತಿಕೊಂಡು ಬರುವವಳಿಗೆ ಶಾಸ್ತ್ರವಿದೆ, ಆರತಿಯಿದೆ. ಬರಿಗೈಯಲ್ಲಿ ಬರುವವಳಿಗೆ ಏನೂ ಇಲ್ಲ. ಅಕ್ಕ ಯಾರನ್ನು ಕೇಳುತ್ತಾಳೋ ಕಾಣೆ.

೧೮ ಜೂನ್, ಭಾನುವಾರ

ಆಷಾಢ. ಕರೆಯುವ ಮಾತೇ ಇಲ್ಲ.

೯ ಜುಲೈ, ಭಾನುವಾರ

ಮನೆಯಲ್ಲಿ ಕೂರಲಾಗದೆ ಮಳೆಯಲ್ಲೇ ಬಸ್ಸು ಹತ್ತಿ ಬೋಳುಬಂಡೆಗೆ ಹೋದೆ. ನೀರು ಯಾವ ಕಡೆ ಹರಿಯುತ್ತದೆ ನೋಡಬೇಕು ಎಂದು ನೆಪ ಹೇಳಿಕೊಂಡೆ. ಗಾಳಿಗೆ ಕೊಡೆ ತಿರುವಿಕೊಂಡಿತು. ಹೋದವನಿಗೆ ಇದು ಅದೇ ಬಂಡೆ ಹೌದೋ ಅಲ್ಲವೋ ಎಂದು ಅನುಮಾನ ಬಂತು.

ಮೇ ತಿಂಗಳಲ್ಲಿ ನಮ್ಮ ಕಾಲು ಸುಟ್ಟ ಕಲ್ಲಿಗೆ ಈಗ ಪೂರ್ತಿ ಹಸಿರು ಪಾಚಿ. ಸಮ ಮಾಡಬೇಕೆಂದಿದ್ದ ಗುಳಿಗಳಲ್ಲಿ ತಿಳಿನೀರು. ಅದರ ಅಂಚಿನಲ್ಲಿ ಬೆರಳುದ್ದದ ಗಿಡಗಳು, ಅವಕ್ಕೆ ನೇರಳೆ ಹೂವು. ಯಾರೂ ಮಣ್ಣು ಹೊತ್ತು ಹಾಕಿಲ್ಲ, ನೀರೆರೆದಿಲ್ಲ. ಕೂತು ನೋಡಿದೆ. ಹೂವು ಎಳೆಗೂಸಿನ ಉಗುರಿನಷ್ಟೇ ದೊಡ್ಡದು. ಹುಟ್ಟಿದ ಐದನೇ ದಿನ ಹೋಗಿದ್ದಾಗ ಆ ಉಗುರು ನೋಡಿದ್ದೆ. ಭವಾನಿ ಮುಷ್ಟಿ ಬಿಡಿಸಿ ತೋರಿಸಿದ್ದಳು.

ಮದ್ದಿಟ್ಟರೆ ಈ ಗುಳಿಗಳೆಲ್ಲ ಹೋಗುತ್ತವೆ. ನನ್ನ ಕೆಮ್ಮಣ್ಣು, ನನ್ನ ಕ್ರೋಟನ್ನು ಇಲ್ಲಿ ಯಾವನಿಗೆ ಬೇಕು?

ಬಸ್ಸು ತಪ್ಪಿತು. ಹೊಳೆಹೊನ್ನೂರಿನ ಎತ್ತಿನ ಗಾಡಿಯವನೊಬ್ಬ ಹತ್ತಿಸಿಕೊಂಡು ಬಂದ. ಅಕ್ಕ ತಲೆ ಒರೆಸಿಕೊಳ್ಳಲು ಪಂಚೆ ಕೊಟ್ಟು, ಮೆಣಸಿನ ಕಷಾಯ ಕುಡಿಸಿ, ಅರ್ಧ ಗಂಟೆ ಬೈದಳು. ಭವಾನಿ ಇದ್ದಿದ್ದರೆ ಬೈಯುತ್ತಿರಲಿಲ್ಲ, ನನ್ನನ್ನೂ ಕರೆದುಕೊಂಡು ಹೋಗಿ ಎನ್ನುತ್ತಿದ್ದಳು. ಅವಳ ನೆನಪು ಇವತ್ತು ಬಹಳ ಆಗುತ್ತಿದೆ. ಇದನ್ನು ಯಾರಿಗೂ ಹೇಳಲಾರೆ, ಅದಕ್ಕೇ ಬರೆದಿದ್ದೇನೆ.

೧೮ ಜುಲೈ, ಮಂಗಳವಾರ

ಆಷಾಢ ಮುಗಿಯಿತಲ್ಲ ಎಂದು ಅಕ್ಕನ ಮುಂದೆ ಹೋಗಿ ನಿಂತೆ. "ಈ ವರ್ಷ ಅಧಿಕ ಶ್ರಾವಣ ಕಣೋ. ಅಧಿಕ ಮಾಸದಲ್ಲಿ ಎಂಥ ಶುಭ ಕಾರ್ಯ?" ಎಂದಳು. ಆ ಪಂಚಾಂಗ ಬರೆದವನು ಮದುವೆಯಾಗಿದ್ದನೋ ಇಲ್ಲವೋ.

೨೬ ಜುಲೈ, ಬುಧವಾರ

ಭವಾನಿಯ ಅಣ್ಣ ಕೆಂಚಪ್ಪನವರು ಬಂದಿದ್ದರು. ಸವಳಂಗ ರಸ್ತೆಯಲ್ಲಿ ಅವರದು ಅಕ್ಕಿ ಗಿರಣಿ. ಗಿರಣಿಯ ಚಕ್ರ ಮುರಿದು, ಎರಕ ಹೊಯ್ಯಿಸಲು ಬಂದವರು. ಸಂಜೆ ರೈಲಿಗೆ ಬಿಡಲು ಸ್ಟೇಷನ್ನಿಗೆ ಹೋದೆ. ರೈಲು ತಡ. ಹೋಟೆಲಿನಲ್ಲಿ ಕಾಫಿ ಹೇಳಿದೆ.

"ಮಳೆ ಜೋರು ಈ ಸಲ" ಎಂದರು.

"ಹೌದು, ಜೋರೇ."

"ಚಕ್ರ ಸೋಮವಾರಕ್ಕೆ ಆಗ್ಬಹುದಾ ಭಾವನೋರೇ?"

"ಆಗ್ಬಹುದು. ನಾನು ಹೇಳಿಡ್ತೀನಿ. ಮನೇಲೆಲ್ಲ ಹ್ಯಾಗಿದಾರೆ?"

"ಎಲ್ಲ ಆರಾಮಾಗಿದಾರೆ."

ಎಲ್ಲ ಎಂದರೆ ಅವಳೂ ಸೇರಿದಳೇ? ಊಟ ಮಾಡುತ್ತಾಳೋ, ನಿದ್ದೆ ಮಾಡುತ್ತಾಳೋ ಕೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಕರೆಯಲು ಬಂದಿಲ್ಲವೇಕೆ ಎಂದು ಅವರೇ ಕೇಳಲಿ, ಆಗ ಹೇಳೋಣ ಎಂದು ಕಾದೆ. ಅವರೂ ಲೋಟದೊಳಗೆ ನೋಡುತ್ತ ಏನೋ ಕಾಯುತ್ತಿದ್ದರು. ಕಾಫಿ ಮುಗಿಯಿತು. ಇನ್ನೊಂದು ಹೇಳಿದೆ. ಅದೂ ಮುಗಿಯಿತು. ಗಿರಣಿಯ ಬೆಲ್ಟು, ಭತ್ತದ ತೇವ, ಮುನಿಸಿಪಾಲಿಟಿಯ ನಲ್ಲಿ, ಎಲ್ಲ ಮಾತಾಡಿದೆವು. ರೈಲು ಬಂತು. ಹತ್ತಿ ಕಿಟಕಿಯಿಂದ ಬಗ್ಗಿ, "ನಮ್ ಕಡೆಯಿಂದ ಏನೂ ಅಡ್ಡಿ ಇಲ್ಲ ಭಾವನೋರೇ, ಹೆಣ್ಣು ಕೊಟ್ಟೋರು ನಾವು, ನಾವಾಗಿ ತಂದ್ಬಿಟ್ರೆ ಚೆನ್ನಾಗಿರಲ್ಲ" ಎಂದರು. ನಾನು ಉತ್ತರ ಹೇಳುವಷ್ಟರಲ್ಲಿ ರೈಲು ಹೊರಟಿತು.

ಅವರು ಕರೆಯದೆ ಕಳಿಸುವ ಹಾಗಿಲ್ಲ. ನಾವು ಶಾಸ್ತ್ರವಿಲ್ಲದೆ ಕರೆಯುವ ಹಾಗಿಲ್ಲ. ಎರಡು ಮನೆಯವರೂ ಮರ್ಯಾದಸ್ಥರು. ನಡುವೆ ಅವಳು ಕೂತಿದ್ದಾಳೆ.

೧೩ ಆಗಸ್ಟ್, ಭಾನುವಾರ

ಹಳೆಯ ನಕ್ಷೆ ಹರಿದು ಹಾಕಿ ಹೊಸದು ಬರೆದೆ. ಗುಮ್ಮಟ ಇಲ್ಲ, ಕಾರಂಜಿ ಇಲ್ಲ. ಬಂಡೆಯ ಬೆನ್ನು ಹೇಗಿದೆಯೋ ಹಾಗೆ, ಮೆಟ್ಟಿಲಿನಂತೆ ಒಂದರ ಕೆಳಗೊಂದು ಮೂರು ಹಂತದ ಮನೆ. ಮೇಲಿನ ಮತ್ತು ಕೆಳಗಿನ ಹಂತಕ್ಕೆ ಹೆಂಚು. ನಡುವಿನಲ್ಲಿ, ನೀರು ನಿಲ್ಲುವ ಗುಳಿಗಳ ಮೇಲೆ ಮಾತ್ರ ಗಾಜಿನ ಮಾಡು, ಉತ್ತರಕ್ಕೆ ಗಾಜಿನ ಗೋಡೆ. ಬಿಸಿಗಾಳಿ ಹೋಗಲು ಮೇಲೆ ಉದ್ದಕ್ಕೂ ಸಂದು. ಅದೇ ಸಂದಿನಿಂದ ಮಳೆಯನ್ನೂ ಒಳಕ್ಕೆ ಬಿಟ್ಟುಕೊಂಡಿದ್ದೇನೆ. ಕಬ್ಬಿಣದ ಕಂಬಕ್ಕೆ ಬಂಡೆಯದೇ ಬೂದಿ ಬಣ್ಣ. ಕೂರುವವರು ಗುಳಿಗಳ ಸುತ್ತ ಕಲ್ಲಿನ ಮೇಲೇ ಕೂರಬೇಕು. ಒಂದು ಗೆರೆಯೂ ನೇರವಾಗಿಲ್ಲ. ಸ್ಕೇಲು ಪಕ್ಕಕ್ಕಿಟ್ಟು ಕೈಯಿಂದ ಬರೆದೆ. ಹೇಗೆ ಬರೆದೆನೋ ನನಗೇ ಗೊತ್ತಿಲ್ಲ.

ಚೌಡಪ್ಪನವರ ಮುಖ ಸಣ್ಣಗಾಯಿತು.

"ಇದೇನು ಮಾರಾಯ? ಗುಡ್ಡಕ್ಕೆ ಕೊಡೆ ಹಿಡಿದಂಗೆ ಮಾಡಿದೀಯ. ಗಿಡ ಎಲ್ಲಿ?"

"ಅಲ್ಲೇ ಇದಾವೆ. ಮಳೆಗೆ ಬರ್ತಾವೆ."

"ಬೇಸಿಗೇಲಿ?"

"ಬೇಸಿಗೇಲಿ ಕಲ್ಲಿರುತ್ತೆ."

"ಅಷ್ಟು ದೂರದಿಂದ ಬಂದೋನು ಬರೀ ಕಲ್ಲು ನೋಡ್ಕೊಂಡು ಕಾಫಿ ಕುಡೀಬೇಕಾ? ಅದನ್ನ ಹೊರಗಡೆ ನಿಂತೇ ನೋಡ್ಬಹುದಲ್ಲ!"

"ಹಸಿರು ಹೋಯ್ತು ಅಂತ ಜಾಗ ಬಿಟ್ಟು ಹೋಗ್ತೀವಾ ಚೌಡಪ್ಪನವರೇ? ಅಲ್ಲೇ ಕೂತು ಕಾಯ್ಬೇಕಪ್ಪ" ಎಂದೆ. ಧ್ವನಿ ಸ್ವಲ್ಪ ಏರಿತು. ಯಾಕೆ ಹಾಗೆ ಸಿಟ್ಟು ಬಂತೋ. ಒಂದು ಹೋಟೆಲಿನ ವಿಷಯ, ಅಷ್ಟೇ.

ಅವರು ನನ್ನ ಮುಖವನ್ನೇ ನೋಡಿ, "ಆಯ್ತು ಮಾರಾಯ, ಬೈಬೇಡ. ಒಂದ್ಸಲ ಹೋಗಿ ಕೂತು ನೋಡ್ತೀನಿ" ಎಂದು ಎದ್ದು ಹೋದರು.

೨೭ ಆಗಸ್ಟ್, ಭಾನುವಾರ

ಚೌಡಪ್ಪನವರು ನಿಜವಾಗಿಯೂ ಹೋಗಿ ಕೂತಿದ್ದರಂತೆ. ಮಗಳು ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿದ್ದರಂತೆ. ಮೊಮ್ಮಕ್ಕಳು ಗುಳಿಯ ನೀರು ಬಿಟ್ಟು ಬರಲಿಲ್ಲವಂತೆ. "ಮಾಡು ಮಾರಾಯ ನಿನ್ನ ಕೊಡೇನ" ಎಂದರು. ಗಾಜಿಗೆ ಬೊಂಬಾಯಿಗೆ ಬರೆದಿದ್ದಾರೆ. ಹಡಗಿನಲ್ಲಿ ಬೆಲ್ಜಿಯಂ ದೇಶದಿಂದ ಬರಬೇಕು. ಸಂತೋಷಕ್ಕೆ ಅವರ ಕೈ ಹಿಡಿದುಕೊಂಡುಬಿಟ್ಟೆ.

ಇವತ್ತು ಅಕ್ಕ ತಾನಾಗಿಯೇ ಹೇಳಿದಳು: "ಈಗ ನಿಜ ಶ್ರಾವಣ. ಪಕ್ಕದ ಮನೆ ಪುಷ್ಪಮ್ಮನ್ನ ಕಳ್ಸೋಣ. ಮಗು ಇಲ್ದಿದ್ರೆ ಬೇಡ, ಒಂದು ತೆಂಗಿನಕಾಯಿನೇ ಮಡಿಲಿಗೆ ಹಾಕಿ ಕರ್ಕೊಂಡು ಬರಬಹುದು ಅಂತ ಭಟ್ಟರು ಹೇಳಿದ್ರು."

ಮಗುವಿಗೆ ಬದಲು ತೆಂಗಿನಕಾಯಿ.

"ಗಾಜು ಬರ್ಲಿ ಅಕ್ಕ" ಎಂದೆ. "ಗಾಜಿನ ಮನೆ ಎದ್ದ ಮೇಲೆ ನಾನೇ ಕರ್ಕೊಂಡು ಬರ್ತೀನಿ."

"ಗಾಜಿಗೂ ಹೆಂಡ್ತಿಗೂ ಎಂಥ ಸಂಬಂಧವೋ?"

ಸಂಬಂಧ ಇದೆ. ಅವಳ ಮುಂದೆ ಏನೂ ಇಲ್ಲದೆ ಹೋಗಿ ನಿಲ್ಲಲು ನನ್ನಿಂದ ಆಗದು. ಏನು ಹೇಳಲಿ ಹೋಗಿ? ನಡಿ ಎಂದೇ? ಅಲ್ಲಿಗೆ ಬಂದರೆ ಏನಿದೆ ಎಂದು ಕೇಳಿದರೆ? ತೋರಿಸಲು ಒಂದು ಹಸಿರು ಎಲೆಯಾದರೂ ಬೇಡವೇ?

೫ ಸೆಪ್ಟೆಂಬರ್, ಮಂಗಳವಾರ

ಯುದ್ಧ ಶುರುವಾಗಿದೆ. ಕ್ಲಬ್ಬಿನಲ್ಲಿ ಪತ್ರಿಕೆಗೆ ಜನ ಮುಗಿಬಿದ್ದಿದ್ದರು. ಎಲ್ಲರೂ ಜರ್ಮನಿ, ಪೋಲೆಂಡು ಎನ್ನುತ್ತಿದ್ದರು. ನಾನೊಬ್ಬ ಬೆಲ್ಜಿಯಂ ಎಲ್ಲಿದೆ ಎಂದು ಭೂಪಟದಲ್ಲಿ ಹುಡುಕಿದೆ.

೧೯ ಸೆಪ್ಟೆಂಬರ್, ಮಂಗಳವಾರ

ಚೌಡಪ್ಪನವರು ನಕ್ಷೆ ವಾಪಸು ತಂದುಕೊಟ್ಟರು. ಗಾಜು ಬರುವುದಿಲ್ಲ. ಕಬ್ಬಿಣವೂ ಹೊರಗೆ ಸಿಗುವುದಿಲ್ಲ, ಎಲ್ಲ ಯುದ್ಧದ ಕೆಲಸಕ್ಕೆ. "ಬೇಜಾರು ಮಾಡ್ಕೋಬೇಡ ಮಾರಾಯ. ಯುದ್ಧ ಮುಗೀಲಿ. ಕಲ್ಲೆಲ್ಲಿಗೆ ಹೋಗುತ್ತೆ?" ಎಂದರು. ಪಾಪ, ಅವರ ಮುಖವೂ ಬಾಡಿತ್ತು.

೧ ಅಕ್ಟೋಬರ್, ಭಾನುವಾರ

ಪಿತೃಪಕ್ಷ ಬಂತು. ಇನ್ನು ಅಮಾವಾಸ್ಯೆಯವರೆಗೆ ಕರೆಯುವ ಮಾತು ಎತ್ತುವ ಹಾಗಿಲ್ಲ. ಪುಷ್ಪಮ್ಮನನ್ನು ಕಳಿಸಬಹುದಿದ್ದ ಶ್ರಾವಣವನ್ನು ನಾನೇ ದಾಟಿಸಿಬಿಟ್ಟೆ.

ಇವತ್ತು ಹಿತ್ತಲಿನ ದೊಡ್ಡಪತ್ರೆಯ ಎಲೆಗಳನ್ನು ತೊಳೆದೆ. ಒಂದೊಂದೇ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ನಾಳೆಗೆ ಮತ್ತೆ ಕಪ್ಪಾಗುತ್ತವೆ. ಆಗಲಿ. ನಾಳೆ ಮತ್ತೆ ತೊಳೆದರಾಯಿತು.

೮ ಅಕ್ಟೋಬರ್, ಭಾನುವಾರ

ಬೆಳಿಗ್ಗೆ ಎದ್ದು ಅಂಗಿ ಹಾಕಿಕೊಂಡು ಸ್ಟೇಷನ್ನಿಗೆ ಹೋದೆ. ಯೋಚನೆ ಮಾಡಿ ಹೋದದ್ದಲ್ಲ. ಅಕ್ಕನಿಗೂ ಹೇಳಲಿಲ್ಲ. ಶಿವಮೊಗ್ಗದಲ್ಲಿ ಇಳಿದ ಮೇಲೆ ಕೈಯಲ್ಲಿ ಒಂದು ಹಣ್ಣು ಕೂಡ ಇಲ್ಲ ಎಂದು ನೆನಪಾಯಿತು. ಅಳಿಯ ಅತ್ತೆಮನೆಗೆ ಹೋಗುವ ರೀತಿ ಇದೇ?

ಅತ್ತೆ ಶಕುಂತಲಮ್ಮನವರು ಬಾಗಿಲು ತೆರೆದು ತಬ್ಬಿಬ್ಬಾದರು. "ಅಯ್ಯೋ, ಪಕ್ಷದಲ್ಲಿ ಬಂದಿದೀರಲ್ಲ... ಏನಾದ್ರೂ ಆಯ್ತಾ? ಹುಚ್ಚಮ್ಮನೋರು ಆರಾಮಾ?" ಏನೂ ಆಗಿಲ್ಲ, ಸುಮ್ಮನೆ ಬಂದೆ ಎಂದೆ. ಸುಮ್ಮನೆ ಬರುವ ಅಳಿಯನನ್ನು ಅವರು ಕಂಡಿರಲಿಲ್ಲ. ಚಾಪೆ ಹಾಸಿ ಒಳಗೆ ಓಡಿದರು.

ಭವಾನಿ ನೀರು ತಂದಳು. ಬಹಳ ಸೊರಗಿದ್ದಾಳೆ. ಕಂಬಕ್ಕೆ ಒರಗಿ ನಿಂತಳು. ಇಷ್ಟು ತಿಂಗಳು ಮನಸ್ಸಿನಲ್ಲೇ ಅವಳ ಜೊತೆ ಎಷ್ಟು ಮಾತಾಡಿದ್ದೆ! ಲೋಟದ ನೀರೆಲ್ಲ ಕುಡಿದೆ. ಕೊನೆಗೆ, "ಗಾಜಿನ ಮನೆ ಆಗ್ಲಿಲ್ಲ" ಎಂದೆ.

"ಯಾವ ಗಾಜಿನ ಮನೆ?"

ಅವಳಿಗೆ ಗೊತ್ತೇ ಇಲ್ಲ! ನಾನು ಯಾರ ಕೈಯಲ್ಲೂ ಹೇಳಿ ಕಳಿಸಿರಲಿಲ್ಲ. ಬೇಸಿಗೆಯಿಂದ ಅವಳಿಗಾಗಿ ಕಟ್ಟುತ್ತ, ಕೆಡವುತ್ತ ಇದ್ದೇನೆ, ಅವಳಿಗೆ ಒಂದು ಮಾತೂ ತಿಳಿದಿಲ್ಲ. ನಗು ಬಂತು, ಅಳುವೂ ಬಂತು. ಎಲ್ಲ ಹೇಳಿದೆ. ಲಾಲ್‌ಬಾಗಿನಿಂದ ಬೆಲ್ಜಿಯಂವರೆಗೆ. ಕೇಳಿ ಮುಗಿದ ಮೇಲೆ, "ನನ್ ಜೊತೆ ಒಂದ್ ಕಡೆಗೆ ಬರ್ತೀರಾ?" ಎಂದು ಚಪ್ಪಲಿ ಮೆಟ್ಟಿಕೊಂಡಳು.

ಮನೆಗಳು ಮುಗಿದು ಹೊಲ ಶುರುವಾಗುವಲ್ಲಿ ಒಂದು ಹಳ್ಳ. ಹಳ್ಳದ ಮೇಲೆ ಸ್ವಲ್ಪ ಬಯಲು. ಯಾಕೆ ಕರೆತಂದಳೆಂದು ಅರ್ಥವಾಗಿ ಕಾಲು ಹಿಂದೆ ಬಿತ್ತು. ಅವತ್ತು ತಂತಿ ಬಂದು ನಾನು ರೈಲು ಹಿಡಿದು ಬರುವಷ್ಟರಲ್ಲಿ ಕೂಸನ್ನು ಮಣ್ಣು ಮಾಡಿ ಮುಗಿದಿತ್ತು. ಎಲ್ಲಿ ಎಂದು ನಾನು ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ.

"ಇಲ್ಲಿ" ಎಂದು ತೋರಿಸಿದಳು.

"ಗುರುತೇ ಇಲ್ವಲ್ಲ ಭವಾನಿ."

"ಗುರುತು ಯಾಕೆ? ನಂಗೊತ್ತಲ್ಲ. ದಿನಾ ಸಂಜೆ ಬರ್ತೀನಿ. ನಂಗೆ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ ಈಗ. ಅಣ್ಣಂಗೂ ಮರ್ತು ಹೋಗಿದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಮ್ಮ ದಿನಾ ಅನ್ಕೋತಾಳೆ, ಅವ್ರು ಕರಿಯೋಕೆ ಬರ್ಲಿಲ್ಲ, ಬರ್ಲಿಲ್ಲ ಅಂತ. ನಂಗೆ ಅದಲ್ಲ. ನಾನು ಬಂದ್ಬಿಟ್ರೆ ಇವಳೊಬ್ಳೇ ಆಗ್ತಾಳಲ್ಲ."

ನಾನು ನೆಲದ ಮೇಲೆ ಕೂತುಬಿಟ್ಟೆ. ಬಹಳ ಅತ್ತೆ. ಅವಳು ಪಕ್ಕದಲ್ಲಿ ಕೂತಳು. ಅವಳು ಅಳಲಿಲ್ಲ, ಅವಳದು ಮುಗಿದಿರಬೇಕು. ಹಳ್ಳದಾಚೆ ಯಾರೋ ಎಮ್ಮೆ ತೊಳೆಯುತ್ತಿದ್ದರು. ಹಳ್ಳದ ಬೇಲಿ, ಅಲ್ಲಿಂದ ಆ ಜಾಲಿಮರ, ಮರದಿಂದ ಇಲ್ಲಿಗೆ ಎಂದು ಮೂರು ಸಲ ಕಣ್ಣಲ್ಲೇ ಅಳೆದುಕೊಂಡೆ.

"ಈಗ ನಂಗೂ ಗೊತ್ತಾಯ್ತಲ್ಲ" ಎಂದೆ.

ಅವಳು ನನ್ನನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಿಮ್ ಬಂಡೆ ತೋರ್ಸಿ, ನೋಡೋಣ" ಎಂದು ಎದ್ದಳು.

ಅತ್ತೆಗೆ ಬಂಡೆ ನೋಡಿಕೊಂಡು ಬರುತ್ತೇವೆ ಎಂದಷ್ಟೇ ಹೇಳಿ ಬಸ್ಸು ಹತ್ತಿದೆವು. ಬಂಡೆಯ ಮೇಲೆ ಹಸಿರು ಅರ್ಧ ಹಣ್ಣಾಗಿತ್ತು, ಗುಳಿಗಳಲ್ಲಿ ನೀರು ಇನ್ನೂ ಇತ್ತು. ಇಲ್ಲಿ ಗಾಜು, ಇಲ್ಲಿ ಹೆಂಚು, ಇಲ್ಲಿಂದ ಮಳೆ ಒಳಗೆ ಬರುತ್ತದೆ ಎಂದು ಓಡಾಡಿ ತೋರಿಸಿದೆ. ಅವಳು ಒಂದು ಗುಳಿಯ ಪಕ್ಕ ಕೂತು, ನೀರಿಗೆ ಕಾಲಿಟ್ಟುಕೊಂಡು, ನಾನು ತೋರಿಸಿದ ಕಡೆಗೆಲ್ಲ ತಲೆ ತಿರುಗಿಸಿದಳು.

"ಅಡುಗೆಮನೆ ಎಲ್ಲಿ?"

"ಅಡುಗೆಮನೆ..." ಎಂದು ತಿರುಗಿದೆ. ಇರಲಿಲ್ಲ. ಗುಮ್ಮಟ ತೆಗೆದು ಹೊಸ ನಕ್ಷೆ ಬರೆದಾಗ ಅದನ್ನು ಬಿಟ್ಟೇಬಿಟ್ಟಿದ್ದೇನೆ. ಚೌಡಪ್ಪನವರೂ ಗಮನಿಸಿಲ್ಲ. ಅಡುಗೆ ತಾನಾಗಿಯೇ ಎಲೆಗೆ ಬರುತ್ತದೆಂದು ತಿಳಿದ ಗಂಡಸರು!

"ಹೋಟ್ಲು ಅಂತೀರಿ, ಒಂದು ಒಲೆ ಹಾಕೋಕೆ ಜಾಗ ಇಲ್ಲ" ಎಂದು ಭವಾನಿ ನಕ್ಕಳು. ಬಾಯಿಗೆ ಸೆರಗು ಇಟ್ಟುಕೊಂಡು, ಭುಜ ಕುಲುಕಿಸಿ ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು. ನಗು ನಿಂತ ಮೇಲೆ ನೀರಿನಿಂದ ಕಾಲು ತೆಗೆದು, "ನಂಗೆ ಹಸಿವಾಗ್ತಿದೆ" ಎಂದಳು.

ಜೇಬಿನಲ್ಲಿ ಒಂದು ಹಿಡಿ ಕಡಲೆಪುರಿಯೂ ಇರಲಿಲ್ಲ. ಶಿವಮೊಗ್ಗದ ಬಸ್ಸು ಬರಲು ಬಹಳ ಹೊತ್ತಿತ್ತು. ಭದ್ರಾವತಿಯ ಬಸ್ಸು ಕೆಳಗೆ ಬರುತ್ತಿರುವುದು ಕಂಡಿತು. ಇಬ್ಬರೂ ನೋಡಿದೆವು. ಅವಳೇ ಮೊದಲು ಇಳಿಯತೊಡಗಿದಳು.

ಅಕ್ಕ ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಕಂಡವಳೇ ಮೊರ ಕೆಳಗಿಟ್ಟು ಎದ್ದಳು. "ಪಕ್ಷದಲ್ಲಿ... ಯಾರೇ ಕರೆದೋರು ನಿನ್ನ? ಯಾರೇ ಕಳ್ಸಿದೋರು?"

"ಯಾರೂ ಕರೀಲಿಲ್ಲ ಅಕ್ಕ. ಹಸಿವಾಗಿತ್ತು, ಬಂದೆ."

ಅಕ್ಕ ಮೊರ ಎತ್ತಿಕೊಂಡಳು. ಒಳಗೆ ಹೋದಳು. ತಟ್ಟೆ ಇಡುವ ಸದ್ದು ಕೇಳಿಸಿತು.

ಹೊಸಮನೆಗೆ ಗಾಡಿಯವನೊಬ್ಬನ ಕೈಯಲ್ಲಿ ಹೇಳಿ ಕಳಿಸಿದೆ. ಪ್ರತಿ ಭಾನುವಾರ ಇಬ್ಬರೂ ಬರುತ್ತೇವೆ ಎಂದೂ ಸೇರಿಸಿ ಹೇಳಿದೆ.

೧೨ ಅಕ್ಟೋಬರ್, ಗುರುವಾರ. ಮಹಾಲಯ ಅಮಾವಾಸ್ಯೆ

ನಾಲ್ಕು ದಿನದಿಂದ ಅಕ್ಕ ಭವಾನಿಯ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಾಳೆ. ಉಪ್ಪು ಕೊಡು, ಒಲೆ ನೋಡು, ಅಷ್ಟೇ. ಶಾಸ್ತ್ರ ತಪ್ಪಿದ ಸಿಟ್ಟು ಇಳಿದಿಲ್ಲ ಎಂದುಕೊಂಡಿದ್ದೆ.

ಇವತ್ತು ಹಿರಿಯರಿಗೆ ಎಡೆ. ಬೆಳಿಗ್ಗೆಯಿಂದ ಇಬ್ಬರೂ ಸೇರಿ ಅಡುಗೆ ಮಾಡಿದರು. ಒಳಮನೆಯಲ್ಲಿ ಸಾಲಾಗಿ ಬಾಳೆಲೆ ಹಾಕಿ, ಸತ್ತವರ ಹೆಸರು ಹೇಳಿ ಎಡೆ ಬಡಿಸುವುದು ನಮ್ಮ ಮನೆಯ ಪದ್ಧತಿ. ಹೆಸರು ಹೇಳುವವಳು ಅಕ್ಕ, ಬಡಿಸುವವನು ನಾನು. ಎಳೆ ಮಕ್ಕಳಿಗೆ ಎಡೆ ಇಲ್ಲ. ಅವಕ್ಕೆ ಏನೂ ಇಲ್ಲ.

ಅಪ್ಪನ ಎಲೆ ಆಯಿತು. ಅಕ್ಕನ ಗಂಡನ ಎಲೆ ಆಯಿತು. ಆಮೇಲೆ ಅವ್ವನ ಎಲೆ. "ದುರ್ಗಮ್ಮನಿಗೆ" ಎಂದಳು. ನಾನು ಬಡಿಸಿ ಮುಗಿಸಿ ಕೈಮುಗಿಯಲು ಹೊರಟೆ.

"ತಡಿ" ಎಂದಳು ಅಕ್ಕ.

ಬಾಳೆಲೆಯ ತುದಿ ಅಂಗೈಯಷ್ಟು ಹರಿದು ತಂದು ಅವ್ವನ ಎಲೆಗೆ ತಗುಲಿಸಿ ಹಾಸಿದಳು. ಸೊಂಟದಿಂದ ಏನನ್ನೋ ತೆಗೆದಳು. ಕೂಸಿಗೆ ಹಾಲು ಕುಡಿಸುವ ಒಳಲೆ, ಹೊಸದು, ಬೆಳ್ಳಿಯದು. ಯಾವಾಗ ಮಾಡಿಸಿಟ್ಟಿದ್ದಳೋ ನನಗೆ ಗೊತ್ತಿಲ್ಲ. ಅದನ್ನು ಎಲೆಯ ಮೇಲಿಟ್ಟು, ತುಂಬ ಹಾಲು ಹುಯ್ದಳು. ಅಂಚು ಮೀರಿ ಸ್ವಲ್ಪ ಚೆಲ್ಲಿತು. ಭವಾನಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಹೆಸರಿಡೋಳು ಸೋದರತ್ತೆ ಅಲ್ವೇನೋ" ಎಂದಳು ಅಕ್ಕ, ನಮ್ಮಿಬ್ಬರ ಮುಖ ನೋಡದೆ. "ಗಂಡ ಸತ್ತೋಳು ತೊಟ್ಲ ಹತ್ರ ಬರ್ಬಾರ್ದು ಅಂತ, ನಾನು ಯಾರಿಗೂ ಹೇಳಿರ್ಲಿಲ್ಲ. ಹುಟ್ಟಿದ ಸುದ್ದಿ ಬಂದ ದಿನಾನೇ ಇಟ್ಬಿಟ್ಟಿದ್ದೆ, ಮನಸ್ನಲ್ಲೇ."

ಎಲೆಯ ಕಡೆಗೆ ಬಗ್ಗಿ, ಕಿವಿಯಲ್ಲಿ ಹೇಳುವಷ್ಟು ಮೆಲ್ಲಗೆ ಹೇಳಿದಳು:

"ಅದು ದೊಡ್ಡ ದುರ್ಗಮ್ಮನಿಗೆ. ಇದು ಚಿಕ್ಕ ದುರ್ಗಮ್ಮನಿಗೆ."